ಸಮಿತಿಯ ಕೋಣೆಯಲ್ಲಿ ಕಾಸರಗೋಡಿನ ಕುರ್ಚಿ

(ನಾನು ಸ್ಪೀಚ್ ಥೆರಪಿಸ್ಟ್. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಶಾಲೆಯಲ್ಲಿ ಹೆತ್ತವರು, ಟೀಚರುಗಳು ಮತ್ತು ಮಂಗಳೂರಿನಲ್ಲಿ ಸ್ಪೀಚ್ ಆಂಡ್ ಹಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೆರ್ಲದ ಕಡೆಯ ಒಬ್ಬ ಪುಟ್ಟ ಹುಡುಗ. ಮಾತು ಸ್ಪಷ್ಟ ಇಲ್ಲ ಅಂತ ಅಜ್ಜಿ ಕರೆದುಕೊಂಡು ಬಂದಿದ್ದರು. ನಾನು ಚಿತ್ರ ತೋರಿಸಿ "ಇದೇನು ಪುಟ್ಟಾ?" ಎಂದೆ. "ಕೊಡೆ" ಎಂದ. ನನ್ನ ಕೈಯಲ್ಲಿದ್ದ ಮಾತಿನ ಪರೀಕ್ಷೆಯ ಹಾಳೆಯಲ್ಲಿ ‘ಛತ್ರಿ’ ಎಂದಿತ್ತು. ಮುಂದಿನ ಚಿತ್ರ ಪೊರಕೆಯದು. "ಹಿಡಿಸೂಡಿ" ಎಂದ. ಅದರ ಮುಂದೆ ಕಲ್ಲಂಗಡಿ. "ಬಚ್ಚಂಗಾಯಿ" ಎಂದು ಹೇಳಿ ಅಜ್ಜಿಯ ಮುಖ ನೋಡಿ ನಕ್ಕ.

ನಿಮಗೆಲ್ಲ ಗೊತ್ತು, ಆ ಹುಡುಗ ಹೇಳಿದ್ದು ಮೂರೂ ಸರಿ. ಆದರೆ ಹಾಳೆಯ ಲೆಕ್ಕದಲ್ಲಿ ಮೂರೂ ಖಾಲಿ. ಛತ್ರಿಯ ಚಿತ್ರ ಇಟ್ಟದ್ದು ಮಗುವಿನ ಬಾಯಿಂದ ‘ಛ’ ಕೇಳುವುದಕ್ಕೆ, ‘ತ್ರ’ ಕೇಳುವುದಕ್ಕೆ. ಕೊಡೆ ಎಂದರೆ ಆ ಎರಡು ಸದ್ದು ಬರುವುದೇ ಇಲ್ಲ. ನನಗೆ ಬೇಕಾದ್ದು ಸಿಗಲಿಲ್ಲ. ಮಗುವಿಗೆ ಗೊತ್ತಿದ್ದದ್ದಕ್ಕೆ ಅಂಕವೂ ಸಿಗಲಿಲ್ಲ. ಅದೇ ಹಾಳೆಯನ್ನು ಯಾರಾದರೂ ಮಗುವಿಗೆ ಎಷ್ಟು ಪದ ಗೊತ್ತು ಎಂದು ಅಳೆಯಲು ಬಳಸಿದರೆ, ಈ ಹುಡುಗ ಹಿಂದೆ ಬಿದ್ದವನು ಎಂದು ಬರೆದುಬಿಡುತ್ತಾರೆ. ಅವನ ಮನೆಯಲ್ಲಿ ತುಳು. ಅಂಗನವಾಡಿಯಲ್ಲಿ ಕನ್ನಡ. ಬಸ್ಸಿನಲ್ಲಿ ಮಲಯಾಳ. ಆಟದ ಜೊತೆಗಾರ ಬ್ಯಾರಿ ಮಾತಾಡುತ್ತಾನೆ. ಅವನು ಹಿಂದೆ ಬಿದ್ದವನಾ?

ಹಾಳೆ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದಲ್ಲಿ ಪರೀಕ್ಷೆಗಳೇ ಇಲ್ಲದ ಕಾಲದಲ್ಲಿ ಕೂತು ಶ್ರದ್ಧೆಯಿಂದ ಮಾಡಿದವರು ಅವರು. ಅವರ ಕಿವಿಯಲ್ಲಿ ಇದ್ದ ಕನ್ನಡ ಮೈಸೂರು ಕಡೆಯದ್ದು, ಅಷ್ಟೇ. ಇಂಥ ಪದಗಳನ್ನು ಆರಿಸುವಾಗ ಒಂದು ಕೋಣೆಯಲ್ಲಿ ಕೆಲವರು ಕೂತಿರುತ್ತಾರೆ. ಅವರಲ್ಲಿ ಒಬ್ಬರು ಕುಂಬಳೆಯವರೋ ಮುಳ್ಳೇರಿಯದವರೋ ಆಗಿದ್ದರೆ, "ಸರ್, ನಮ್ಮಲ್ಲಿ ಮಕ್ಕಳು ಇದಕ್ಕೆ ಕೊಡೆ ಅಂತಾರೆ" ಎಂದು ಒಂದು ಮಾತು ಹೇಳುತ್ತಿದ್ದರು. ಬೇರೆ ಚಿತ್ರ ಹಾಕುತ್ತಿದ್ದರು. ಮುಗಿಯಿತು. ಐದು ನಿಮಿಷದ ಕೆಲಸ.

ಆ ಐದು ನಿಮಿಷಕ್ಕಾಗಿ ನಮ್ಮವರು ಅಂಥ ಸಮಿತಿಗಳಲ್ಲಿ ಹೋಗಿ ಕೂರಬೇಕು. ಇವತ್ತು ಅದನ್ನೇ ಹೇಳಲು ಬಂದಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ದೇಶದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡಲು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಹೆಸರು ನೋಂದಾಯಿಸಬೇಕು. ಅದು 1992ರ ಕಾಯ್ದೆಯಿಂದ ಬಂದ ಸರಕಾರಿ ಮಂಡಳಿ. ಯಾವ ಕೋರ್ಸು ಸರಿ, ಯಾರು ಕೆಲಸ ಮಾಡಬಹುದು ಎಂಬುದು ಅದರ ಕೈಯಲ್ಲಿದೆ. ವೃತ್ತಿ ಸಂಘ ಬೇರೆ. ಇಂಡಿಯನ್ ಸ್ಪೀಚ್ ಆಂಡ್ ಹಿಯರಿಂಗ್ ಅಸೋಸಿಯೇಷನ್, ನಾವೆಲ್ಲ ‘ಇಶಾ’ ಎನ್ನುತ್ತೇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಸಂಘ ಹುಟ್ಟಿದ್ದೂ ಅದೇ ದಶಕದಲ್ಲಿ. ಸದಸ್ಯರೇ ಹಣ ಹಾಕಿ, ಸದಸ್ಯರೇ ಓಟು ಹಾಕಿ ನಡೆಸುವ ಸಂಘ. ಅದಕ್ಕೆ ರಾಜ್ಯ ಶಾಖೆಗಳಿವೆ, ಪತ್ರಿಕೆ ಇದೆ, ವರ್ಷಕ್ಕೊಂದು ಸಮ್ಮೇಳನ ಇದೆ. ಮಂಡಳಿ ನಮಗೆ ನಿಯಮ ಹಾಕುತ್ತದೆ. ಸಂಘ ನಮ್ಮದು. ನಮ್ಮ ಹೆಚ್ಚಿನವರು ಸಂಘಕ್ಕೆ ಚಂದಾ ಕಟ್ಟಿ, ಸಮ್ಮೇಳನಕ್ಕೆ ಹೋಗಿ, ಸರ್ಟಿಫಿಕೇಟು ತೆಗೆದುಕೊಂಡು ಬರುತ್ತೇವೆ. ಅಲ್ಲಿಗೆ ನಿಲ್ಲುತ್ತೇವೆ.

ಸಂಘದೊಳಗೆ ಎರಡು ಬಗೆಯ ಕೆಲಸ ಇರುತ್ತದೆ. ಒಂದು ತೀರ್ಮಾನ ಮಾಡುವುದು. ಇನ್ನೊಂದು ಸಲಹೆ ಕೊಡುವುದು. ಸಲಹಾ ಸಮಿತಿ ಎಂದ ಕೂಡಲೇ ಜನ "ಅದು ಸುಮ್ನೆ ಹೆಸರಿಗೆ" ಎನ್ನುತ್ತಾರೆ. ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಓಟಿಗೆ ಬರುವ ಹೊತ್ತಿಗೆ ಕಾಗದ ಸಿದ್ಧವಾಗಿರುತ್ತದೆ. ಆಗ ಹೌದು ಅನ್ನಬಹುದು, ಬೇಡ ಅನ್ನಬಹುದು. ಅದರಲ್ಲಿ ಒಂದು ಪದ ಸೇರಿಸುವುದು ಕಷ್ಟ. ಕರಡು ಹಸಿಯಾಗಿರುವಾಗ ಅದನ್ನು ನೋಡುವವರು ಸಲಹೆಗಾರರು. ಮಡಕೆಗೆ ಆಕಾರ ಬರುವುದು ಮಣ್ಣು ಹಸಿ ಇರುವಾಗಲೇ ಅಲ್ವಾ?

ಅಮೆರಿಕದ ಸಂಘದ ಒಂದು ಏರ್ಪಾಡು ನನಗೆ ಇಷ್ಟ. ಅದರ ಹೆಸರು ಅಮೆರಿಕನ್ ಸ್ಪೀಚ್ ಲ್ಯಾಂಗ್ವೇಜ್ ಹಿಯರಿಂಗ್ ಅಸೋಸಿಯೇಷನ್, 1925ರದ್ದು. ಅಲ್ಲಿ ಆಡಿಯಾಲಜಿಗೆ, ಅಂದರೆ ಶ್ರವಣಕ್ಕೆ, ಒಂದು, ಸ್ಪೀಚ್‌ಗೆ ಒಂದು ಎಂದು ಎರಡು ಸಲಹಾ ಮಂಡಳಿಗಳಿವೆ. ಪ್ರತಿ ರಾಜ್ಯದಿಂದ ಒಬ್ಬರಿಗೆ ಅಲ್ಲಿ ಕುರ್ಚಿ. ದೊಡ್ಡ ರಾಜ್ಯಕ್ಕೂ ಒಂದೇ, ಚಿಕ್ಕದಕ್ಕೂ ಒಂದೇ. ತಮ್ಮ ಊರಿನ ಸದಸ್ಯರು ಏನು ಕಷ್ಟ ಪಡುತ್ತಿದ್ದಾರೆ ಎಂದು ಅವರು ಮೇಲೆ ಹೇಳುತ್ತಾರೆ. ಆ ಮಂಡಳಿಯ ಅಧ್ಯಕ್ಷರಿಗೆ ಸಂಘದ ಮುಖ್ಯ ಆಡಳಿತ ಮಂಡಳಿಯಲ್ಲೂ ಜಾಗ ಇರುತ್ತದೆ. ಹೀಗಾಗಿ ದೂರದ ಊರಿನ ದೂರು ದಾರಿಯಲ್ಲಿ ಕಳೆದುಹೋಗುವುದಿಲ್ಲ. ನಮಗೆ ಅದನ್ನು ಹಾಗೇ ನಕಲು ಮಾಡಬೇಕಾಗಿಲ್ಲ. ನಮ್ಮಲ್ಲಿ ಕುರ್ಚಿಯನ್ನು ರಾಜ್ಯದ ಲೆಕ್ಕದಲ್ಲಿ ಕೊಟ್ಟರೆ ಸಾಲದು, ಭಾಷೆಯ ಲೆಕ್ಕದಲ್ಲೂ ಕೊಡಬೇಕು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಮಾತು ಗೆರೆ ನೋಡಿ ನಿಲ್ಲಲಿಲ್ಲ. ಇವತ್ತು ಕೇರಳದ ಕರಡಿನಲ್ಲಿ ನಮ್ಮ ಕನ್ನಡ ಮಕ್ಕಳಿಲ್ಲ. ಕರ್ನಾಟಕದ ಕರಡಿನಲ್ಲಿ ಕಾಸರಗೋಡೇ ಇಲ್ಲ. ಎರಡು ಕಡೆಯೂ ಬೇಕೆಂದು ಬಿಟ್ಟದ್ದಲ್ಲ. ನೆನಪಿಸುವವರು ಇರಲಿಲ್ಲ.

ಸಮಿತಿ ಎಂದರೆ ಟೀ, ಬಿಸ್ಕೆಟು, ಭಾಷಣ ಎನ್ನುವವರಿಗೆ ನಾನು ಎರಡು ಉದಾಹರಣೆ ಕೊಡುತ್ತೇನೆ.

ಹುಟ್ಟಿದ ಮಗುವಿನ ಕಿವಿ ಪರೀಕ್ಷೆಗೆ ಒಂದು-ಮೂರು-ಆರು ಎಂಬ ಸೂತ್ರ ಇದೆ. ಒಂದು ತಿಂಗಳೊಳಗೆ ಮೊದಲ ತಪಾಸಣೆ. ಸಂಶಯ ಬಂದರೆ ಮೂರು ತಿಂಗಳೊಳಗೆ ಖಚಿತ ಮಾಡಬೇಕು. ಆರು ತಿಂಗಳೊಳಗೆ ಶ್ರವಣ ಸಾಧನ, ತರಬೇತಿ ಶುರುವಾಗಬೇಕು. ಇದನ್ನು ಈಗ ನಮ್ಮ ವಿದ್ಯಾರ್ಥಿಗಳು ಮಗ್ಗಿಯ ಹಾಗೆ ಹೇಳುತ್ತಾರೆ. ಇದು ಬಂದದ್ದು ಒಂದು ಸಮಿತಿಯಿಂದ. ಅಮೆರಿಕದಲ್ಲಿ 1969ರಲ್ಲಿ ಮಕ್ಕಳ ಡಾಕ್ಟರುಗಳು, ಕಿವಿ ಮೂಗು ಗಂಟಲಿನ ಡಾಕ್ಟರುಗಳು, ನಮ್ಮ ವೃತ್ತಿಯವರು ಸೇರಿ ಶಿಶುಗಳ ಶ್ರವಣಕ್ಕೆಂದೇ ಒಂದು ಜಂಟಿ ಸಮಿತಿ ಮಾಡಿಕೊಂಡರು. ಮೂವತ್ತು ವರ್ಷ ಕೂತು, ಬರೆದು, ತಿದ್ದಿ, 2000ದಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಈ ಸೂತ್ರವನ್ನು ಗಟ್ಟಿಯಾಗಿ ಹೇಳಿದರು. ಮೂರು ಅಂಕಿ ಅಷ್ಟೇ. ಎಷ್ಟೋ ದೇಶಗಳ ಮಕ್ಕಳಿಗೆ ಮಾತು ಸಿಕ್ಕಿತು.

ಇನ್ನೊಂದು ನಮ್ಮ ಅಡುಗೆಮನೆಗೆ ಹತ್ತಿರದ್ದು. ಸ್ಪೀಚ್ ಥೆರಪಿಸ್ಟ್ ಎಂದರೆ ಮಾತು ಕಲಿಸುವವರು ಎಂದಷ್ಟೇ ಜನರಿಗೆ ಗೊತ್ತು. ನುಂಗಲು ಕಷ್ಟವಾದವರನ್ನು ನೋಡುವವರೂ ನಾವೇ. ಸ್ಟ್ರೋಕ್ ಆದ ಮೇಲೆ ಕೆಲವರಿಗೆ ನೀರು ಕುಡಿದರೆ ಕೆಮ್ಮು ಬರುತ್ತದೆ. ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಅದರಿಂದ ನ್ಯುಮೋನಿಯಾ ಆಗಬಹುದು, ಜೀವವೂ ಹೋಗಬಹುದು. "ಸ್ವಲ್ಪ ದಪ್ಪ ಮಾಡಿ ಕುಡಿಸಿ" ಎಂದು ನಾವು ಹೇಳುತ್ತಿದ್ದೆವು. ಸ್ವಲ್ಪ ಎಂದರೆ ಎಷ್ಟು? ನನ್ನ ಸ್ವಲ್ಪ ಬೇರೆ, ನರ್ಸಿನ ಸ್ವಲ್ಪ ಬೇರೆ, ಮನೆಯ ಅಕ್ಕನ ಸ್ವಲ್ಪ ಬೇರೆ. 2013ರಲ್ಲಿ ಬೇರೆ ಬೇರೆ ದೇಶಗಳವರು ಸ್ವಯಂಸೇವೆಯಿಂದ ಸೇರಿ ಇದಕ್ಕೊಂದು ಅಳತೆ ಮಾಡಲು ಹೊರಟರು. ಆ ಗುಂಪಿಗೆ ‘ಇಡ್ಸಿ’ ಎಂದು ಹೆಸರು. ಕುಡಿಯುವುದು, ತಿನ್ನುವುದು ಎಲ್ಲವನ್ನೂ 0ಯಿಂದ 7ರ ತನಕ 8 ಹಂತಗಳಲ್ಲಿ ಇಟ್ಟರು. ಕುಡಿಯುವುದನ್ನು ಅಳೆಯಲು ಯಂತ್ರ ಬೇಡ. 10 ಮಿಲಿಯ ಸಿರಿಂಜು ಸಾಕು. ಒಳಗಿನ ದಂಡ ತೆಗೆದು, ತುದಿಗೆ ಬೆರಳಿಟ್ಟು 10 ಮಿಲಿ ತುಂಬಬೇಕು, ಬೆರಳು ತೆಗೆದು 10 ಸೆಕೆಂಡು ಎಣಿಸಬೇಕು. ಒಳಗೆ 1ರಿಂದ 4 ಮಿಲಿ ಉಳಿದರೆ ಹಂತ 1. 4ರಿಂದ 8 ಉಳಿದರೆ ಹಂತ 2. 8ಕ್ಕಿಂತ ಜಾಸ್ತಿ ಉಳಿದರೆ ಹಂತ 3. ಒಂದು ಹನಿಯೂ ಇಳಿಯದಿದ್ದರೆ ಹಂತ 4. ಇದನ್ನು ಮನೆಯ ಯಾರು ಬೇಕಾದರೂ ಮಾಡಬಹುದು. ಇಷ್ಟು ಸರಳವಾದದ್ದನ್ನು ಕಂಡುಹಿಡಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಈಗ ನಮ್ಮ ಗಂಜಿಗೆ ಬನ್ನಿ. ಕುಚ್ಚಲಕ್ಕಿ ಗಂಜಿ. ಜ್ವರಕ್ಕೆ ಗಂಜಿ, ಆಪರೇಷನ್ ಆದರೆ ಗಂಜಿ, ಸ್ಟ್ರೋಕ್ ಆದರೂ ಗಂಜಿ. ಮೆತ್ತಗೆ ಇರುತ್ತದೆ, ಸುಲಭ ಎಂದು ನಮ್ಮ ನಂಬಿಕೆ. ಆದರೆ ನುಂಗುವ ತೊಂದರೆ ಇದ್ದವರಿಗೆ ಅದು ಸುಲಭದ್ದಲ್ಲ. ಮೇಲೆ ನೀರಿನಂಥ ತೆಳಿ, ಕೆಳಗೆ ದಪ್ಪ ಅಗುಳು. ಒಂದೇ ಚಮಚದಲ್ಲಿ ಎರಡೂ ಬಾಯಿಗೆ ಹೋಗುತ್ತವೆ. ಅಗುಳು ಜಗಿಯುವಷ್ಟರಲ್ಲಿ ತೆಳಿ ಗಂಟಲಿಗೆ ಜಾರಿಬಿಡುತ್ತದೆ. ಕೆಮ್ಮು ಬರುವುದು ಅದಕ್ಕೇ. ಇಡ್ಸಿಯ 5ನೇ ಹಂತದಲ್ಲಿ ಅನ್ನದ ಬಗ್ಗೆ ಹೇಳಿದ್ದಾರೆ. ಅನ್ನ ಅಂಟಂಟಾಗಿಯೂ ಇರಬಾರದು, ಅಗುಳು ಅಗುಳಾಗಿ ಬಿಡಿಬಿಡಿಯಾಗಿಯೂ ಇರಬಾರದು. ಕುಚ್ಚಲಕ್ಕಿಯ ಅನ್ನ ಬಿಡಿಬಿಡಿ ಇರುವುದೇ ಅದರ ಗುಣ. ಹಾಗಾಗಿ ನಾನು ಮನೆಯವರಿಗೆ ಗಂಜಿ ಬಿಡಿ ಎನ್ನುವುದಿಲ್ಲ. ಐವತ್ತು ವರ್ಷ ಗಂಜಿ ಉಂಡವರಿಗೆ ಗಂಜಿ ಬೇಡ ಎಂದರೆ ಅವರು ಉಣ್ಣುವುದನ್ನೇ ಬಿಡುತ್ತಾರೆ. ಚೆನ್ನಾಗಿ ಬೇಯಿಸಿ, ತೆಳಿಯ ಜೊತೆಗೇ ಮಿಕ್ಸಿಗೆ ಹಾಕಿ, ಸೋಸಿ, ಸಿರಿಂಜಿನಲ್ಲಿ ನೋಡಿ ಎನ್ನುತ್ತೇನೆ. ಯಾವ ಹಂತ ಎಂಬುದನ್ನು ರೋಗಿಯನ್ನು ನೋಡಿಯೇ ಹೇಳಬೇಕು, ಎಲ್ಲರಿಗೂ ಒಂದೇ ಅಲ್ಲ. ಮತ್ತೆ, ತೆಳಿ ತಣ್ಣಗಾದ ಹಾಗೆ ದಪ್ಪ ಆಗುತ್ತಾ ಹೋಗುತ್ತದೆ. ಒಲೆಯಿಂದ ಇಳಿಸಿದಾಗ ಅಳೆದದ್ದು ಉಣ್ಣಿಸುವಾಗ ಬೇರೆಯಾಗಿರುತ್ತದೆ. ಉಣ್ಣಿಸುವ ಬಿಸಿಯಲ್ಲೇ ಅಳೆಯಬೇಕು.

ಇದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕ ಅಲ್ಲ. ನೀರ್ಚಾಲು ಕಡೆಯ ಒಬ್ಬರು ಅಕ್ಕ, ತಮ್ಮ ಮಾವನಿಗೆ ದಿನಾ ಗಂಜಿ ಕೊಡುತ್ತಿದ್ದವರು. "ಟೀಚರ್, ಬೆಳಿಗ್ಗೆ ಕೆಮ್ಮು ಬರುತ್ತದೆ, ಮಧ್ಯಾಹ್ನ ಉಳಿದದ್ದನ್ನೇ ಕೊಟ್ಟರೆ ಬರುವುದಿಲ್ಲ, ಯಾಕೆ?" ಎಂದು ಕೇಳಿದರು. ಸಮಿತಿಗೆ ಒಯ್ಯಬೇಕಾದದ್ದು ಇಂಥ ಪ್ರಶ್ನೆಯನ್ನು. ಗಂಜಿಯ ಬಗ್ಗೆ ಮಾರ್ಗಸೂಚಿಯಲ್ಲಿ ಒಂದು ಸಾಲು ಬರಬೇಕಾದರೆ, ಗಂಜಿ ಉಣ್ಣುವ ಊರಿನ ಸ್ಪೀಚ್ ಥೆರಪಿಸ್ಟ್ ಒಬ್ಬರು ಅಲ್ಲಿ ಇರಲೇಬೇಕು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಹೇಳದೆ ಈ ವಿಷಯ ಮಾತಾಡುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಡೆಯಿಂದ ನನಗೊಂದು ಕರಡು ಬಂತು. ಹೆರಿಗೆಯಾದ ಅಮ್ಮಂದಿರಿಗೆ ಕೊಡುವ ಕೈಪತ್ರ. ಮಗುವಿನ ಕಿವಿ ಹೇಗೆ ಗಮನಿಸಬೇಕು, ಎಲ್ಲಿಗೆ ತೋರಿಸಬೇಕು ಎಂಬ ವಿವರ. ಹದಿನೈದು ದಿನದಲ್ಲಿ ಅಭಿಪ್ರಾಯ ಕಳಿಸಿ ಎಂದಿದ್ದರು. ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ ಇದ್ದರು, ಮನೆಯಲ್ಲಿ ಅಡಿಕೆ ಕೊಯ್ಲು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಬಿಟ್ಟೆ. ದಿನ ದಾಟಿತು. ಕೈಪತ್ರ ಮಲಯಾಳದಲ್ಲಿ ಮಾತ್ರ ಅಚ್ಚಾಯಿತು. ಕನ್ನಡದಲ್ಲೂ ಬೇಕು ಎಂದು ನಾನು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತೋ ಏನೋ. ಬರೆಯಲಿಲ್ಲವಲ್ಲ.

ಆಮೇಲೆ ಒಬ್ಬರು ತಾಯಿ ಎರಡೂವರೆ ವರ್ಷದ ಮಗಳನ್ನು ಕರೆತಂದರು. ಕೂಗಿದರೆ ತಿರುಗುವುದಿಲ್ಲ, ಮಾತಿಲ್ಲ. ಲಸಿಕೆಯ ಕಾರ್ಡಿನ ಒಳಗೆ ಆ ಕೈಪತ್ರ ಇತ್ತು. ನಾಲ್ಕು ಮಡಿಕೆ ಮಾಡಿ ಜೋಪಾನ ಮಾಡಿದ್ದರು. "ಅಕ್ಷರ ಗೊತ್ತಾಗಲಿಲ್ಲ ಡಾಕ್ಟ್ರೇ, ಏನೋ ಬೇಕಾದದ್ದು ಇರಬಹುದು ಅಂತ ತೆಗೆದಿಟ್ಟೆ" ಎಂದರು. ಅವರು ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವರು. ಆರು ತಿಂಗಳಿಗೆ ಶುರುವಾಗಬೇಕಾದದ್ದು ಎರಡೂವರೆ ವರ್ಷಕ್ಕೆ ಶುರುವಾಯಿತು. ಆ ಎರಡು ವರ್ಷದಲ್ಲಿ ನನ್ನ ಹದಿನೈದು ದಿನವೂ ಸೇರಿದೆ. ಅಂದಿನಿಂದ ನನಗೆ ಯಾವ ಕರಡು ಬಂದರೂ ಅದೇ ರಾತ್ರಿ ಓದುತ್ತೇನೆ.

ವಿದ್ಯಾರ್ಥಿಗಳು ಕೇಳಬಹುದು, ಅಲ್ಲಿ ಕೂತು ನಿಜವಾಗಿ ಮಾಡುವುದೇನು ಎಂದು. ಹೆಚ್ಚಿನದ್ದು ಓದುವ ಕೆಲಸ. ಕರಡು ಬರುತ್ತದೆ, ಓದಿ ಎಲ್ಲಿ ತಪ್ಪಿದೆ, ಏನು ಬಿಟ್ಟಿದೆ ಎಂದು ಬರೆಯಬೇಕು. "ಸರಿಯಿಲ್ಲ" ಎಂದು ಬರೆದರೆ ಯಾರೂ ತೆಗೆದುಕೊಳ್ಳುವುದಿಲ್ಲ. "ಈ ಸಾಲಿನ ಬದಲು ಈ ಸಾಲು ಹಾಕಿ" ಎಂದು ಸಾಲನ್ನೇ ಬರೆದು ಕೊಡಬೇಕು. ಇದು ನಾನು ಕಲಿತ ದೊಡ್ಡ ಪಾಠ. ಸಭೆ ಮುಗಿದ ಮೇಲೆ ನಡಾವಳಿ ಬಂದಾಗ ನಾವು ಹೇಳಿದ್ದು ಅದರಲ್ಲಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕೂಡಲೇ ತಿಳಿಸಬೇಕು. ಕಾಗದದಲ್ಲಿ ಇಲ್ಲದ ಮಾತು ಆಡದ ಮಾತಿನ ಲೆಕ್ಕ.

ಹಣ ಸಿಗುವುದಿಲ್ಲ, ಸಮಯ ಹೋಗುತ್ತದೆ. ಮೊದಲೆಲ್ಲ ಒಂದು ಸಭೆಗೆಂದು ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ತಿರುವನಂತಪುರ. ವಾಪಸು ಬರುವಾಗ ಇನ್ನೊಂದು ರಾತ್ರಿ. ಈಗ ಬಹಳಷ್ಟು ಸಭೆ ಫೋನಿನಲ್ಲೇ ಆಗುತ್ತದೆ, ಅದೊಂದು ಉಪಕಾರ.

ಸಂಘದ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಕೆಲಸ ಸ್ವಲ್ಪ ಕಠಿಣ. ಶ್ರವಣ ಸಾಧನ ಮಾರುವ ಕಂಪನಿಯ ಜೊತೆ ನಮಗೆ ಸಂಬಂಧ ಇದ್ದರೆ, ಆ ವಿಷಯ ಬಂದಾಗ ಮೊದಲೇ ಹೇಳಿ ಎದ್ದು ಹೊರಗೆ ಹೋಗಬೇಕು. ಗೆಳೆಯರ ಮೇಲೆ ದೂರು ಬಂದಾಗಲೂ ಹಾಗೆಯೇ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

2020ರ ಮಾರ್ಚ್ ನಿಮಗೆ ನೆನಪಿರಬಹುದು. ಕೊರೊನಾದಿಂದಾಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ನಮ್ಮ ಆಸ್ಪತ್ರೆ ಎಲ್ಲ ಮಂಗಳೂರಿನಲ್ಲಿ. ಥೆರಪಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದ ಮಕ್ಕಳು ಮನೆಯಲ್ಲಿ ಉಳಿದರು. ಫೋನಿನಲ್ಲಿ ಥೆರಪಿ ಮಾಡಬಹುದಾ, ಗಡಿಯಾಚೆ ಕೂತವರು ಮಾಡಬಹುದಾ, ಹಣ ಹೇಗೆ, ಮಗುವಿನ ವಿಡಿಯೋ ಯಾರ ಹತ್ತಿರ ಇರಬೇಕು? ಇಂಥ ಪ್ರಶ್ನೆಗಳಿಗೆ ಉತ್ತರ ಒಬ್ಬ ಥೆರಪಿಸ್ಟ್ ತನ್ನಷ್ಟಕ್ಕೆ ಕೊಡುವಂಥದ್ದಲ್ಲ, ವೃತ್ತಿಯವರು ಕೂಡಿ ಕೊಡಬೇಕಾದದ್ದು. ಗಡಿಯಲ್ಲಿ ಬದುಕುವವರಿಗೆ ಈ ಪ್ರಶ್ನೆ ಉಳಿದವರಿಗಿಂತ ಮೊದಲೇ ತಟ್ಟುತ್ತದೆ. ಹಾಗಾಗಿ ನಾವೇ ಮೊದಲು ಕೈ ಎತ್ತಬೇಕು.

ಸಂಘದ ಹೊರಗೂ ಕುರ್ಚಿಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೇಳುತ್ತದೆ. ಮಾತು ಮತ್ತು ಭಾಷೆಯ ವೈಕಲ್ಯ ಅದರಲ್ಲಿ ಒಂದು. ಆ ಕಾಯ್ದೆಯ ಪ್ರಕಾರ ರಾಜ್ಯಕ್ಕೊಂದು ಸಲಹಾ ಮಂಡಳಿ, ಜಿಲ್ಲೆಗೊಂದು ಸಮಿತಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇದ್ದವರಿಗೆ ಕಾನೂನಿನ ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸುವುದು ಅದರ ಕೆಲಸ. ಅದರಲ್ಲಿ ಜಿಲ್ಲಾಧಿಕಾರಿ ಮಟ್ಟದ ಒಬ್ಬರು, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ನಮ್ಮ ವೃತ್ತಿಯವರಿಗೆ ಅಲ್ಲಿ ಮೀಸಲು ಜಾಗ ಇಲ್ಲ. ಆದರೆ ಸಂಸ್ಥೆಯ ಕಡೆಯಿಂದ ಹೋಗಬಹುದು, ಕರೆದರೆ ಅಭಿಪ್ರಾಯ ಹೇಳಬಹುದು.

ಯಾಕೆ ಹೋಗಬೇಕು ಎಂದರೆ, ಮಾತು ಬಾರದವರಿಗೆ ಏನೂ ಅರ್ಥವಾಗುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಎಣ್ಮಕಜೆ ಕಡೆ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ನಾನು ಇಂಥ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ಮಕ್ಕಳು ಈಗ ದೊಡ್ಡವರಾಗಿದ್ದಾರೆ. ತಾಯಂದಿರಿಗೆ ವಯಸ್ಸಾಗಿದೆ. ನಮ್ಮ ನಂತರ ಯಾರು ಎಂಬ ಪ್ರಶ್ನೆ ಆ ಮನೆಗಳಲ್ಲಿ ದಿನಾ ಇದೆ. ಒಂದು ಮನೆಯಲ್ಲಿ ಒಬ್ಬಳು ಹುಡುಗಿಗೆ ಚಿತ್ರದ ಹಲಗೆ ಮಾಡಿ ಕೊಟ್ಟೆವು. ಅಮ್ಮ, ದೊಡ್ಡಪ್ಪ, ಅತ್ತೆ, ಊಟ, ನೋವು, ಬೇಡ. ಯಾರ ಜೊತೆ ಇರಬೇಕು ಎಂದು ಕೇಳಿದಾಗ ಅವಳು ಅತ್ತೆಯ ಫೋಟೋದ ಮೇಲೆ ಕೈ ಇಟ್ಟಳು. ಮತ್ತೆ ಕೇಳಿದೆವು. ಮತ್ತೆ ಅತ್ತೆ. ಮನೆಯವರು ದೊಡ್ಡಪ್ಪ ಎಂದು ನಿಶ್ಚಯ ಮಾಡಿದ್ದರು. ಇದನ್ನು ಸಮಿತಿಯ ಮುಂದೆ ಇಡಲು ನಮ್ಮ ವೃತ್ತಿಯವರೇ ಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ದೊಡ್ಡ ಹುದ್ದೆಗೆ ಕಾಯಬೇಡಿ. ಪದವಿ ಮುಗಿದ ಕೂಡಲೇ ಸದಸ್ಯರಾಗಿ. ಸಮ್ಮೇಳನದಲ್ಲಿ ಬಂದ ಲೇಖನ ಓದುವ ಕೆಲಸಕ್ಕೆ, ಅನುವಾದ ನೋಡುವ ಕೆಲಸಕ್ಕೆ ಹೆಸರು ಕೊಡಿ. ಅಲ್ಲಿ ಜನ ಯಾವಾಗಲೂ ಕಡಿಮೆ. ನಿಮಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ ಎಂದು ಅರ್ಜಿಯಲ್ಲಿ ಮೇಲೆಯೇ ಬರೆಯಿರಿ. ನಮ್ಮವರು ಅದನ್ನು ಬರೆಯುವುದೇ ಇಲ್ಲ. ಎಲ್ಲರಿಗೂ ಬರುತ್ತದಲ್ಲ ಎಂದು ಬಿಡುತ್ತಾರೆ. ಎಲ್ಲರಿಗೂ ಬರುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬರು ಅಮ್ಮ ಎದ್ದು ನಿಂತರು. ಅವರ ಗಂಡ ಶಾಲಾ ಮಾಷ್ಟ್ರಾಗಿದ್ದವರು. ನಲವತ್ತು ವರ್ಷ ಕನ್ನಡದಲ್ಲಿ ಪಾಠ ಹೇಳಿದವರು. ಸ್ಟ್ರೋಕ್ ಆದ ಮೇಲೆ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಪ್ರಶ್ನೆ ಕೇಳಿದರಂತೆ, ಒಂದಕ್ಕೂ ಉತ್ತರ ಬರಲಿಲ್ಲ. ಮಾತು ಪೂರ್ತಿ ಹೋಗಿದೆ ಎಂದು ಬರೆದು ಕಳಿಸಿದರಂತೆ. "ಆದರೆ ಟೀಚರ್, ರಾತ್ರಿ ನನ್ನ ಹತ್ತಿರ ತುಳುವಿನಲ್ಲಿ ನೀರು ಕೇಳುತ್ತಾರೆ. ಅದು ಮಾತಲ್ವಾ?"

ಮಾತೇ ಅಮ್ಮಾ, ಎಂದೆ. ಸೋಮವಾರ ಅವರನ್ನು ಕರೆದುಕೊಂಡು ಬನ್ನಿ. ಮೊದಲು ತುಳುವಿನಲ್ಲಿ ನೋಡೋಣ, ಆಮೇಲೆ ಕನ್ನಡದಲ್ಲಿ. ಏನು ಸಿಕ್ಕಿತು ಎಂದು ಆಸ್ಪತ್ರೆಗೆ ಒಂದು ಕಾಗದ ಬರೆಯುತ್ತೇನೆ, ಸಂಘಕ್ಕೂ ಒಂದು. ಬರುವಾಗ ಅವರು ಪಾಠ ಮಾಡುತ್ತಿದ್ದ ಪುಸ್ತಕ ಮನೆಯಲ್ಲಿ ಇದ್ದರೆ ಹಿಡಿದುಕೊಂಡು ಬನ್ನಿ.